ಗಂಡುಮಕ್ಕಳ ಶಾಲೆಯಲ್ಲಿ ರತ್ನಕ್ಕ

ಬೆಟಗೇರಿ
೧೯ ಜನವರಿ ೨೦೨೫, ರವಿವಾರ

ರತ್ನಕ್ಕನಿಗೆ,

ನಿನ್ನ ತಮ್ಮ ಬಾಬಣ್ಣನ ನಮಸ್ಕಾರ. ಕಾಲಿಗೆ ಬಿದ್ದೆ ಎಂದೇ ತಿಳಿ. ಮೊಣಕಾಲು ನೋವಿನವನಿಗೆ ಕಾಗದದ ಮೇಲೆ ಬೀಳುವುದೇ ಸಲೀಸು.

ದೀಪಾವಳಿಗೆ ಹಮ್ಮಿಗಿಯ ನಿನ್ನ ಮನೆಗೆ ಬಂದು ಉಂಡು ಹೋದವನು ಸಂಕ್ರಾಂತಿ ದಾಟಿದರೂ ಒಂದು ಗೆರೆ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀ. ಫೋನು ಮಾಡಿದರೆ ‘ಉಂಡ್ಯಾ? ಆತು, ಮಲಕೋ’ ಎಂದು ನೀನೇ ಇಟ್ಟುಬಿಡುತ್ತೀ. ಈ ಸುದ್ದಿ ಅಷ್ಟರಲ್ಲಿ ಹಿಡಿಯುವಂಥದ್ದಲ್ಲ. ಕೆಲಸ ಕೈಗೂಡುವ ತನಕ ಬಾಯಿ ಬಿಡಬಾರದೆಂದು ಸುಮ್ಮನಿದ್ದೆ. ನಾನು ಸುಮ್ಮನಿರುವುದು ಎಂಥ ಕಷ್ಟವೆಂದು ನಿನಗೆ ಗೊತ್ತು. ಅದಕ್ಕಾದರೂ ಕ್ಷಮಿಸು.

ಹಬ್ಬದ ದಿನದ್ದು ನೆನಪಿದೆಯಲ್ಲ? ನೀನು ಎಂದಿನಂತೆ ‘ನಾ ಸಂತ ರಫಾಯೆಲ್ ಶಾಲ್ಯಾಗ ಮೂರನೇತ್ತಾ ತನಕ ಕಲ್ತಾಕಿ’ ಎಂದೆ. ನಿನ್ನ ಮೊಮ್ಮಗಳು ಸುಶ್ಮಿತಾ ಮೊಬೈಲಿನಲ್ಲಿ ಹುಡುಕಿ, ಅಂತರ್ಜಾಲದ ವಿಶ್ವಕೋಶದಲ್ಲಿದ್ದ ಎರಡು ಸಾಲು ಗಟ್ಟಿಯಾಗಿ ಓದಿದಳು: ಬೆಟಗೇರಿಯಲ್ಲಿದ್ದ ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆ; ಈಗ ಮುಚ್ಚಿದೆ.

‘ಅಜ್ಜಿ, ಇದು ಗಂಡ್ಹುಡುಗುರ ಶಾಲಿ. ಇಷ್ಟ ದಿನಾ ಸುಳ್ಳ ಹೇಳ್ತಿದ್ದೇನ?’

ಎಲ್ಲರೂ ನಕ್ಕರು. ನೀನೂ ನಕ್ಕೆ. ನಕ್ಕವಳು ಒಲೆಯ ಕಡೆ ತಿರುಗಿಕೊಂಡೆ, ಮತ್ತೆ ನಮ್ಮ ಕಡೆ ತಿರುಗಲಿಲ್ಲ. ನಿನ್ನ ಮಾತು ಖರೆ ಎಂದು ಅದೇ ಪುಟ ಅದೇ ಹುಡುಗಿಗೆ ಹೇಳಬೇಕೆಂದು ನಾನು ಅಲ್ಲೇ ಹಟ ಹಿಡಿದೆ.

ಆ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದಂತೆ. ಸೈಕಲ್ಲಿನ ಹಿಂದೆ ಸೀರೆಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಿ ಅಂಗಡಿ ಕಟ್ಟಿದವನಿಗೆ ಇದೇನು ಮಹಾ ಎಂದುಕೊಂಡೆ. ಸೊಸೆ ವಿದ್ಯಾಶ್ರೀ ಖಾತೆ ತೆರೆದುಕೊಟ್ಟಳು. ನೆನಪಿದ್ದುದನ್ನೆಲ್ಲ ಬರೆದೆ. ಕೊನೆಗೆ ನಮ್ಮೂರ ಪದ್ಧತಿಯಂತೆ ‘ಸೇವೆ: ಬಾಬಣ್ಣ, ರತ್ನಾ ಸೀರೆ ಮಳಿಗೆ, ಬೆಟಗೇರಿ’ ಎಂದೂ ಸೇರಿಸಿದೆ. ಗುಡಿಗೆ ಒಂದು ಫ್ಯಾನು ಕೊಟ್ಟವನು ಅದರ ಮೂರೂ ರೆಕ್ಕೆಗೆ ಹೆಸರು ಬರೆಸುತ್ತಾನೆ, ಫ್ಯಾನು ತಿರುಗಿದರೆ ಯಾರಿಗೂ ಓದಲಾಗುವುದಿಲ್ಲ, ಆದರೂ ಬರೆಸುತ್ತಾನೆ. ನಾನೇನು ಅದಕ್ಕಿಂತ ಕಡಿಮೆ ಕೊಟ್ಟೆನೇ?

ಚಹಾ ಕುಡಿದು ಬರುವಷ್ಟರಲ್ಲಿ ಸೇವೆಯೂ ಇಲ್ಲ, ಶಾಲೆಯೂ ಇಲ್ಲ. ಮತ್ತೆ ಅದೇ ಎರಡು ಸಾಲು.

‘ಮಾವಾರ, ಇದು ಗುಡಿ ಫ್ಯಾನ್ ಅಲ್ರಿ. ಇಲ್ಲಿ ಯಾರ ಹೇಳಿದ್ರು ಅಂತ ಕೇಳೂದಿಲ್ಲ, ಎಲ್ಲಿ ಅಚ್ಚಾಗೇತಿ ಅಂತ ಕೇಳ್ತಾರ,’ ಎಂದಳು ವಿದ್ಯಾಶ್ರೀ.

‘ನಾ ಅಲ್ಲೇ ಕಲ್ತಾವ. ನನ್ನ ಮಾತ ನಡಿಯೂದಿಲ್ಲೇನ?’

‘ನಿಮ್ಮ ಮಾತ ಅಂಗಡ್ಯಾಗ ನಡೀತೈತ್ರಿ.’

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಬಾಯಿಮಾತಿಗೆ ಉದ್ದರಿ ಕೊಡದ ಅಂಗಡಿ ಕೆಟ್ಟ ಅಂಗಡಿಯಲ್ಲ ಎನಿಸಿತು. ನಾನೂ ಕೊಡುವುದಿಲ್ಲ.

ಹಾಗಾಗಿ ಆಧಾರ ಹುಡುಕುತ್ತ ಹೊರಟೆ. ಮುಳಗುಂದದಲ್ಲಿ ನಿನ್ನ ವರ್ಗದ ರಹಮಾನಸಾಬ ಇನ್ನೂ ಗಟ್ಟಿಯಾಗಿದ್ದಾನೆ. ಹೊಲಿಗೆ ಬಿಟ್ಟಿದ್ದಾನೆ, ಮಾತು ಬಿಟ್ಟಿಲ್ಲ. ಅವನ ಟ್ರಂಕಿನಲ್ಲಿ ಶಾಲೆಯ ಬೆಳ್ಳಿಹಬ್ಬದ ಸಂಚಿಕೆ ಸಿಕ್ಕಿತು. ಅದರಲ್ಲಿ ಎಲ್ಲವೂ ಇದೆ: ಕಟ್ಟಡದ ಕಲ್ಲು ಎಲ್ಲಿಂದ ಬಂತು, ಫಾದರ್ ಲೊರೆನ್ಸೊ ಕನ್ನಡ ಹೇಗೆ ಕಲಿತರು, ನಮ್ಮ ಓಣಿಯವರು ಬೀದಿಯಲ್ಲಿ ಮಗ್ಗದ ಹಾಸಿನ ನೂಲು ಚಾಚುವ ದಿನ ನೇಕಾರರ ಹುಡುಗರಿಗೆ ಮೊದಲ ತಾಸು ಮಾಫಿ ಮಾಡುತ್ತಿದ್ದುದು ಕೂಡ. ಮೂರನೆಯ ವರ್ಗದ ಫೋಟೋ ಇದೆ. ಬಲಗಡೆ ಕೊನೆಯಲ್ಲಿ ಅಂಗಿ, ಚಡ್ಡಿ ತೊಟ್ಟು ಕುಳಿತಿದ್ದೀ, ಬೋಳುತಲೆ. ದೇವರಿಗೆ ಮುಡಿ ಕೊಟ್ಟಿದ್ದೆ ಎಂದು ನೀನು ಯಾವಾಗಲೂ ಹೇಳುವ ಅದೇ ತಲೆ. ಕೆಳಗೆ ಹೆಸರುಗಳ ಸಾಲಿನ ತುದಿಯಲ್ಲಿ ‘ರತ್ನವ್ವ’.

‘ಅಕೀನ, ಅನಮಾನ ಬ್ಯಾಡ,’ ಎಂದ ರಹಮಾನಸಾಬ. ‘ಮಗ್ಗಿ ತಪ್ಪಿದ್ರ ಫಾದರ್‌ಕಿಂತ ಮೊದಲ ಅಕೀನ ನಮ್ಮ ಕಿವಿ ಹಿಂಡತಿದ್ಲು. ನೋಡ, ಈ ಕಿವಿ ಇನ್ನೂ ಉದ್ದ ಐತಿ.’

‘ಕಿವಿ ಆಧಾರ ಆಗೂದಿಲ್ಲೋ ಸಾಹೇಬ.’

ಆ ಸಂಚಿಕೆಯನ್ನು ಆಧಾರ ಕೊಟ್ಟು, ಫೋಟೋವನ್ನೂ ಹಾಕಿ ಮತ್ತೆ ಬರೆದೆ. ಶಾಲೆಯ ಬಗ್ಗೆ ಬರೆದದ್ದೆಲ್ಲ ಈ ಸಲ ನಿಂತಿತು. ನಿನ್ನ ಸಾಲು ಮಾತ್ರ ಹೋಯಿತು. ಎಲ್ಲಿಯೋ ಕುಳಿತು ಆ ಪುಟ ಕಾಯುವ ಪುಣ್ಯಾತ್ಮ ಒಬ್ಬ ಮರ್ಯಾದೆಯಿಂದಲೇ ಬರೆದ: ‘ಚಿತ್ರದಲ್ಲಿ ಕಾಣುವವರೆಲ್ಲ ಬಾಲಕರು. ಆ ಹೆಸರು ಅಚ್ಚಿನ ತಪ್ಪಿರಬಹುದು.’ ಅವನನ್ನೂ ಬೈಯಲಾರೆ. ಫೋಟೋ ನೋಡಿದರೆ ನಾನೂ ಹಾಗೇ ಅನ್ನುತ್ತಿದ್ದೆ.

ಅಷ್ಟರಲ್ಲಿ ಅನುರಾಧಾ ಎಂಬ ಹುಡುಗಿ ತಾಯಿಗೆ ಸೀರೆ ಒಯ್ಯಲು ಅಂಗಡಿಗೆ ಬಂದಳು. ಗದುಗಿನ ಪತ್ರಿಕೆಯೊಂದರ ವರದಿಗಾರ್ತಿ. ಗಿರಾಕಿಯನ್ನು ಮಾತಿಲ್ಲದೆ ಕಳಿಸಿದವನಲ್ಲ ನಾನು. ಸೀರೆ ಬಿಚ್ಚುತ್ತ ಶಾಲೆಯ ಕಥೆಯನ್ನೂ ಬಿಚ್ಚಿದೆ. ‘ಕಾಕಾ, ನೀವು ಅವರ ತಮ್ಮ ಆಗಬೇಕು. ನಿಮ್ಮ ಮಾತಿನ ಮ್ಯಾಲ ಬರಿಯಾಕ ಬರೂದಿಲ್ಲ,’ ಎಂದು ಮುಖಕ್ಕೆ ಹೇಳಿದಳು. ನನಗೆ ಅದೇ ಬೇಕಾಗಿತ್ತು. ಮುಳಗುಂದಕ್ಕೆ ಹೋಗಿ ರಹಮಾನಸಾಬನನ್ನು ಕಂಡಳು, ಅಸುಂಡಿಯಲ್ಲಿ ಅದೇ ವರ್ಗದ ಇನ್ನೊಬ್ಬರನ್ನು ಹುಡುಕಿದಳು, ನಿನಗೂ ಫೋನು ಮಾಡಿದಳು. ಅವಳೊಂದಿಗೆ ‘ಉಂಡ್ಯಾ, ಮಲಕೋ’ ಎನ್ನದೆ ಮಾತಾಡಿದೆಯಂತೆ, ಸಂತೋಷ.

ಪತ್ರಿಕೆಯಲ್ಲಿ ಬಂದ ಬರಹವನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅದನ್ನು ಆಧಾರ ಕೊಟ್ಟು ನಿನ್ನ ಸಾಲನ್ನು ಮತ್ತೆ ಸೇರಿಸಿದೆ. ಕಾಯುವವನು ಈ ಸಲ ಒಪ್ಪಿದ. ಪುಟದಲ್ಲಿ ಈಗ ಹೀಗಿದೆ, ಕನ್ನಡಕ ಹಾಕಿಕೊಂಡು ಓದು:

‘ಗಂಡುಮಕ್ಕಳ ಶಾಲೆಯಾಗಿದ್ದರೂ ಬೆಟಗೇರಿಯ ನೇಕಾರ ಕುಟುಂಬದ ರತ್ನವ್ವ ಎಂಬ ಬಾಲಕಿ ಇಲ್ಲಿ ಮೂರನೆಯ ತರಗತಿಯವರೆಗೆ ಓದಿದ್ದಳು. ದೇವರಿಗೆ ಮುಡಿ ಕೊಟ್ಟಿದ್ದರಿಂದ ಚಿತ್ರದಲ್ಲಿ ಆಕೆಯ ತಲೆ ಬೋಳಾಗಿದೆ.’

ಅಕ್ಕಾ, ಅಂಗಡಿಯ ಬೋರ್ಡಿನ ಮೇಲೆ ನಿನ್ನ ಹೆಸರು ಬರೆಸಿದ ದಿನ ಎದೆ ಉಬ್ಬಿತ್ತು. ಆದರೆ ಅದು ನಾನು ಬರೆಸಿದ ಹೆಸರು, ಬಣ್ಣ ಹೋದರೆ ಹೋಯಿತು. ಇದು ನನ್ನ ಮಾತು ನಂಬದವರು ತಾವೇ ವಿಚಾರಿಸಿ ಒಪ್ಪಿದ ಹೆಸರು. ಎರಡು ದಿನದಿಂದ ಬಂದ ಗಿರಾಕಿಗೆಲ್ಲ ತೋರಿಸುತ್ತಿದ್ದೇನೆ. ಸೀರೆ ಒಯ್ಯದವರೂ ನಿನ್ನನ್ನು ಓದಿ ಹೋಗುತ್ತಾರೆ.

ಸುಶ್ಮಿತಾ ನಿನ್ನೆ ಫೋನು ಮಾಡಿದ್ದಳು. ‘ಮುತ್ಯಾ, ಓದಿದೆ. ಕಾಲೇಜಿನ್ಯಾಗ ಎಲ್ಲಾರಿಗೂ ತೋರ್ಸೇನಿ. ಅಜ್ಜಿ ಮುಂದ ಹೆಂಗ ನಿಂದರ್ಲಿ?’ ಎಂದಳು. ‘ಕಿವಿ ಮುಂದ ಮಾಡಿ ನಿಂದರು, ಹಿಂಡತಾಳ, ತೀರತು,’ ಎಂದೆ. ಬಂದರೆ ಜೋರಾಗಿ ಹಿಂಡಬೇಡ.

ಹೊಳೆದಂಡೆಯ ಚಳಿಯಲ್ಲಿ ನಸುಕಿಗೇ ಏಳಬೇಡ. ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು, ಅವಳು ನಿನ್ನಷ್ಟೇ ಗಟ್ಟಿಯಾಗಿ ಲೆಕ್ಕ ಕಲಿಯಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಮ್ಮ,
ಬಾಬಣ್ಣ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಹರಕೆಯ ಮುಡಿ ಒಮ್ಮೆ ಕೊಟ್ಟರೆ ತೀರುತ್ತದೆ. ನಿನ್ನ ಹರಕೆ ಮಾತ್ರ ಕೂದಲು ಕಿವಿ ಮುಟ್ಟಿದಾಗಲೆಲ್ಲ ಮತ್ತೆ ಬರುತ್ತಿತ್ತು. ಗುಡಿಯಲ್ಲಲ್ಲ, ನಮ್ಮ ಹಿತ್ತಲಲ್ಲಿ, ಬಾಗಿಲು ಮುಚ್ಚಿ. ನಾನು ಸಂದಿಯಿಂದ ನೋಡುತ್ತಿದ್ದೆ. ಫಾದರ್‌ಗೆ ಗೊತ್ತಿದ್ದರೂ ಹೊರಗಿನವರ ಕಣ್ಣಿಗೆ ಹುಡುಗರ ಸಾಲಿನಲ್ಲಿ ನೀನು ಹುಡುಗನಂತೆ ಕಾಣಲೆಂದು ಅವ್ವ ಕತ್ತರಿ ಆಡಿಸುತ್ತ ಹೇಳುತ್ತಿದ್ದಳು: ‘ಅಳಬ್ಯಾಡವ್ವಾ, ಕೂದಲಾ ಮತ್ತ ಬರ್ತಾವು. ಶಾಲಿ ಬರೂದಿಲ್ಲ.’ ಆಮೇಲೆ ಓಣಿಯವರು ‘ಇದೆಂಥಾ ಮುಗೀಲಾರದ ಹರಕಿ?’ ಎಂದು ಕೇಳತೊಡಗಿದರು. ಅವ್ವ ಕತ್ತರಿ ಎತ್ತಿಟ್ಟಳು. ನಿನ್ನ ಕೂದಲು ಬಂದವು, ಶಾಲೆ ಹೋಯಿತು. ಆ ಜೂನಿನಲ್ಲಿ ನಿನ್ನ ಅಂಗಿ, ಚಡ್ಡಿ ತೊಟ್ಟು ನಾನು ಅದೇ ಶಾಲೆಗೆ ಹೋದೆ. ನೀನೇ ನನ್ನ ತಲೆ ಬಾಚಿ ಕಳಿಸಿದೆ.

ಆ ಪುಟದಲ್ಲೀಗ ಒಂದೇ ಸುಳ್ಳಿದೆ, ಅದು ನಿನ್ನ ಹರಕೆ. ಅದಕ್ಕೂ ಆಧಾರ ಕೊಟ್ಟಾಗಿದೆ. ಅದನ್ನು ನಾನು ತಿದ್ದುವುದಿಲ್ಲ. ಅವ್ವ ಕಾಯ್ದ ಮಾತು, ನೀನೂ ಇಷ್ಟು ವರ್ಷ ಕಾಯ್ದೆ. ಅನುರಾಧಾಳಿಗೆ ಹೇಳಬೇಕಾಗಿಲ್ಲ. ಸುಶ್ಮಿತಾಳಿಗೆ ಮಾತ್ರ ಒಮ್ಮೆ ಹೇಳು, ಅವಳ ಜಡೆ ಹಾಕುವಾಗ.