ಅಪ್ಪನ ಕಣ್ಣಿನ ಹಳದಿ

೧೪, ಗುರುವಾರ

ಬೆಳಗಿನಿಂದ ಒಂದೇ ಚಿಂತೆ. ನನ್ನ ಮದುವೆಯ ಫೋಟೋಗಳ ಪ್ರೂಫ್ ಬಂದಿತ್ತು. ತವರಿಗೆ ತಂದು ಅಮ್ಮನ ಜೊತೆ ನೋಡುತ್ತಾ ಕೂತಾಗ ಕಂಡಿತು: ಅಪ್ಪನ ಕಣ್ಣು ಹಳದಿ. ಪಕ್ಕದಲ್ಲೇ ನಿಂತ ಚಿಕ್ಕಪ್ಪನ ಕಣ್ಣು ಬೆಳ್ಳಗಿದೆ.

"ಪ್ರೂಫ್ ಅಲ್ವಾ, ಬಣ್ಣ ಆಮೇಲೆ ತಿದ್ತಾರಂತೆ ಬಿಡು," ಎಂದಳು ಅಮ್ಮ.

ಮನಸ್ಸು ಕೇಳಲಿಲ್ಲ. ಹಿತ್ತಿಲಿಗೆ ಹೋಗಿ ಫೋಟೋಗ್ರಾಫರಿಗೆ ಫೋನ್ ಮಾಡಿದೆ.

"ಬಣ್ಣ ಕೆಟ್ರೆ ಇಡೀ ಫೋಟೋನೇ ಕೆಡುತ್ತೆ ಮೇಡಂ. ಒಬ್ರ ಕಣ್ಣು ಮಾತ್ರ ಕೆಡಲ್ಲ," ಎಂದ. ಸ್ವಲ್ಪ ತಡೆದು, "ಡಾಕ್ಟರಿಗೆ ತೋರಿಸಿ," ಎಂದ.

ಅಪ್ಪ ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದರು. ನನ್ನ ಮದುವೆಯಾದಾಗಿನಿಂದ ಮನೆಯೊಳಗೂ ಕಪ್ಪು ಕನ್ನಡಕ. ಕಣ್ಣುರಿ ಎಂದು ಅಮ್ಮನನ್ನು ನಂಬಿಸಿದ್ದಾರೆ.

"ಕನ್ನಡಕ ತೆಗಿಯಪ್ಪ."

ತೆಗೆಯಲಿಲ್ಲ. ಪೇಪರ್ ಮಡಚಿಟ್ಟರು.

"ನಿನ್ನ ಮದುವೆ ಮುಗೀಲಿ ಅಂತ ಸುಮ್ನಿದ್ದೆ ಕಣೇ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ಅಮ್ಮಂಗೆ ಈಗಲೇ ಹೇಳ್ಬೇಡ."

ನನ್ನ ಮದುವೆಗಾಗಿ ಕಾದರಂತೆ! ಸಿಟ್ಟು ಬಂತು, ಅಳುವೂ ಬಂತು. ಎಷ್ಟು ಹೊತ್ತು ಅವರ ಕೈ ಹಿಡಿದು ಕೂತಿದ್ದೆನೋ. ನಾಳೆ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ. ಅಮ್ಮನಿಗೆ ಬ್ಯಾಂಕಿನ ಕೆಲಸವೆಂದು ಹೇಳಬೇಕು.

ಒಳಗೆ ಬಂದರೆ ಅಮ್ಮ ಅದೇ ಫೋಟೋ ಹಿಡಿದುಕೊಂಡು ಕೂತಿದ್ದಳು.

"ಇದನ್ನೇ ದೊಡ್ಡದು ಮಾಡ್ಸೋಣ. ನಿಮ್ಮಪ್ಪ ಹೀಗೆ ಬಾಯ್ತುಂಬ ನಕ್ಕಿದ್ದು ನಾನು ನೋಡೇ ಇಲ್ಲ. ಕಣ್ಣೊಂದು ಸರಿ ಮಾಡೋಕೆ ಹೇಳು."

ಹೂಂ ಎಂದೆ. ಫೋಟೋದ ಹಿಂದೆ 'ದೊಡ್ಡದು' ಎಂದಷ್ಟೇ ಗುರುತು ಹಾಕಿ, ಕಣ್ಣಿನ ಮಾತು ಬಿಟ್ಟಿದ್ದನ್ನು ನೋಡಿದಳೋ ಏನೋ...