ಹಾಡಿ ಎಂದಳೋ, ಓಡಿ ಎಂದಳೋ

ಮಿನ್ಸ್ಕ್, ೩೦ ಫೆಬ್ರವರಿ ೨೧೪೩

ಮುತ್ತಜ್ಜ ಗುರುಪಾದನಿಗೆ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ನಂತರ ಯಾರೋ ಕುಳಿತು ಎಲ್ಲ ತಿಂಗಳನ್ನೂ ಸಮ ಮಾಡಿದರು. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟಿದ್ದಾರೆ. ಅವನ್ನು ಹೊರದಿನ ಎನ್ನುತ್ತೇವೆ. ನನ್ನ ಕನ್ನಡವನ್ನೂ ಮನ್ನಿಸು. ನಾನು ಇದನ್ನು ಅಪ್ಪನಿಂದ ಕಲಿತೆ, ಅಪ್ಪ ತನ್ನ ಅವ್ವನಿಂದ, ಅವಳು ನಿನ್ನಿಂದ. ನಮ್ಮ ಮನೆತನದ ಮೂವತ್ತು ಜನ ಬಿಟ್ಟರೆ ಈ ಊರಿನಲ್ಲಿ ಇದನ್ನು ಆಡುವವರಿಲ್ಲ. ಹಾಗಾಗಿ ಕೆಲವು ಮಾತು ಸವೆದಿವೆ, ಕೆಲವನ್ನು ನಾವೇ ಹೊಲಿದುಕೊಂಡಿದ್ದೇವೆ.

ನನ್ನ ಹೆಸರು ನೀಲಾ ಇಳಕಲ್ಸ್ಕಾಯಾ. ನಿನ್ನ ಅಡ್ಡಹೆಸರು ಇಲ್ಲಿಯವರ ಬಾಯಲ್ಲಿ ನಿಲ್ಲದೆ, ನಿನ್ನ ಊರು ಇಳಕಲ್ಲೇ ನಮ್ಮ ಅಡ್ಡಹೆಸರಾಗಿ ಉಳಿಯಿತು. ನಿನ್ನನ್ನು ಹೇಗೆ ಕರೆಯಬೇಕೋ ತಿಳಿಯದು. ನೀನು ನನಗೆ ಮುತ್ತಜ್ಜ, ಸರಿ. ಆದರೆ ಈ ಪತ್ರ ಮುಟ್ಟಬೇಕಾದ ೨೦೨೦ರ ನವೆಂಬರಿನಲ್ಲಿ ನಿನಗೆ ಇಪ್ಪತ್ತೆರಡು, ನನಗೆ ಐವತ್ತೊಂದು. ಕಾಲಿಗೆ ಬೀಳಲೋ ಕಿವಿ ಹಿಂಡಲೋ? ಸದ್ಯಕ್ಕೆ ನೀನು ಎಂದೇ ಬರೆಯುತ್ತೇನೆ.

ಇದನ್ನು ಹಿಂದಂಚೆಗೆ ಹಾಕುತ್ತೇನೆ. ತೀರಿಹೋದವರಿಗೆ ಬರೆದ ಪತ್ರಗಳನ್ನು ಹಾಕಲು ನಮ್ಮ ಊರಿನಲ್ಲಿ ಒಂದು ಪೆಟ್ಟಿಗೆ ಇದೆ. ತಲುಪುತ್ತದೆ ಎಂದು ಅಲ್ಲಿನ ಗುಮಾಸ್ತೆ ಆಣೆ ಮಾಡಿ ಹೇಳುತ್ತಾಳೆ. ನಾನು ನಂಬುವವಳಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇವತ್ತು ಬೆಳಗ್ಗೆ ನನಗೊಂದು ಸಂಗತಿ ಹೊಳೆಯಿತು, ಅದು ನಿನಗೆ ಗೊತ್ತಾಗಲೇಬೇಕು. ನೀನೀಗ ಆಸ್ಪತ್ರೆಯ ಹಾಸಿಗೆಯ ಮೇಲಿದ್ದೀಯ. ವೈದ್ಯನಾಗಲು ಮಿನ್ಸ್ಕಿಗೆ ಬಂದವನು ಸೋಂಕಿತರ ವಾರ್ಡಿನಲ್ಲಿ ಕೆಲಸ ಮಾಡಿ ನೀನೇ ಮಲಗಿದ್ದೀಯ. ಪಕ್ಕದ ಮನೆಯ ಯಾದ್ವೀಗಾಳನ್ನು ಪೊಲೀಸರು ಒಯ್ದರು ಎಂಬ ಸುದ್ದಿ ನಿನಗೆ ಬಂದಿದೆ. ಇನ್ನು ಕೆಲವು ದಿನಗಳಲ್ಲಿ ನೀನು ಮನೆಗೆ ಹೋಗುತ್ತೀಯ. ಆಮೇಲೆ ಅವಳು ಬರುತ್ತಾಳೆ.

ನಿನ್ನ ಕತೆಯನ್ನು ನಿನಗೇ ಹೇಳುತ್ತೇನೆ, ನನ್ನವರೆಗೆ ಬಂದದ್ದು ಸರಿಯಾಗಿದೆಯೇ ನೋಡಿಕೊ. ಮಿನ್ಸ್ಕಿನ ಬಾಡಿಗೆ ಮನೆಯಲ್ಲಿ ನೀನು ನಿಮ್ಮವ್ವನ ಸೀರೆಯನ್ನು ಕಿಟಕಿಗೆ ಪರದೆ ಮಾಡಿ ಕಟ್ಟಿದ್ದೆ. ಇಳಕಲ್ ಸೀರೆಯ ಸೆರಗು ಕೆಂಪು-ಬಿಳಿ-ಕೆಂಪು. ಆ ಬೇಸಿಗೆ ಬೆಲಾರೂಸಿನ ಜನ ಚುನಾವಣೆಯ ಮೋಸದ ವಿರುದ್ಧ ಬೀದಿಗೆ ಇಳಿದಾಗ ಹಿಡಿದ ಬಾವುಟ ಬಿಳಿ-ಕೆಂಪು-ಬಿಳಿ. ಆ ಎರಡು ಬಣ್ಣ ಒಟ್ಟಿಗೆ ಕಂಡರೆ ಪೊಲೀಸರು ಕಾಲುಚೀಲವನ್ನೂ ಬಿಡುತ್ತಿರಲಿಲ್ಲ. ನಿನ್ನ ಬಾಗಿಲಿಗೂ ಬಂದರು. ಭಾಷೆ ಬಾರದೆ ನೀನು "ಇದು ನಮ್ಮವ್ವಂದ್ರೀ" ಎಂದು ಕನ್ನಡದಲ್ಲೇ ಕೂಗಾಡುತ್ತಿದ್ದಾಗ ಪಕ್ಕದ ಮನೆಯಿಂದ ಕತ್ತರಿ ಹಿಡಿದುಕೊಂಡೇ ಬಂದು ನಿನ್ನನ್ನು ಬಿಡಿಸಿದವಳು ಯಾದ್ವೀಗಾ. ನಮ್ಮ ಮನೆತನ ಶುರುವಾದದ್ದು ಒಂದು ಸೆರಗಿನಿಂದ ಎಂದು ನಾವು ಈಗಲೂ ನಗುತ್ತೇವೆ.

ಅವಳು ಕಾಗದ ಕತ್ತರಿಸುವ ಕಲಾವಿದೆ. ಹಾಳೆಯನ್ನು ನಡುವೆ ಮಡಚಿ ಕತ್ತರಿಸಿ ಬಿಡಿಸಿದರೆ ಎಡಬಲ ಒಂದೇ ರೀತಿಯ ಹೂವು, ಹಕ್ಕಿ, ಮರ. ಅದು ಈ ನಾಡಿನ ಹಳೆಯ ಕಸುಬು. ನೀನು ಸೋಂಕಿನ ಭಯಕ್ಕೆ ಬಾಗಿಲು ಹಾಕಿಕೊಂಡು ಕೂತಿದ್ದ ಎರಡು ವಾರ ಅವಳು ಹೊಸ್ತಿಲ ಮೇಲೆ ಬೀಟ್‌ರೂಟ್ ಸಾರು ಇಟ್ಟುಹೋಗುತ್ತಿದ್ದಳು. ನೀನು ಬಾಗಿಲ ಸಂದಿಯಿಂದ ಧನ್ಯವಾದ ಎಂದು ಕನ್ನಡದಲ್ಲಿ ಬರೆದು ತಳ್ಳುತ್ತಿದ್ದೆ. ಅವಳಿಗೆ ಅದು ಅಕ್ಷರವಾಗಿ ಕಾಣಲಿಲ್ಲ, ಬಳ್ಳಿಯಾಗಿ ಕಂಡಿತು. ಅಲ್ಲಿಂದ ಹುಟ್ಟಿತು ನೋಡು ಆ ಉಪಾಯ. ಆ ದಿನಗಳಲ್ಲಿ ನಾಟಕಶಾಲೆ ಬಿಟ್ಟುಬಂದ ನಟರು, ವಾದ್ಯದವರು ಸಂಜೆ ಹೊತ್ತು ಒಂದೊಂದು ಬಡಾವಣೆಯ ಅಂಗಳದಲ್ಲಿ ಸೇರಿ ಹಾಡುತ್ತಿದ್ದರು. ಜನ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಎಲ್ಲರ ಮುಖಕ್ಕೂ ಮಾಸ್ಕು, ರೋಗಕ್ಕೆ ಎಷ್ಟೋ ಪೊಲೀಸರಿಗೆ ಅಷ್ಟೇ. ಯಾದ್ವೀಗಾಳ ತಂಗಿ ಜೋಸ್ಯಾ ಅಲ್ಲಿ ಕೊಳಲು ಊದುತ್ತಿದ್ದಳು, ಹಾಡುತ್ತಿದ್ದಳು. ಅವರಿಗೆ ಸುದ್ದಿ ಮುಟ್ಟಿಸಲು ಯಾದ್ವೀಗಾ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ನೀಲಿ ಕಾಗದದ ಹೂಬಳ್ಳಿ ತೂಗುಹಾಕಿದಳು. ಬಳ್ಳಿಯ ನಡುವೆ ಒಂದು ಕನ್ನಡ ಪದ, ಬಲಕ್ಕೆ ನೇರ, ಎಡಕ್ಕೆ ಕನ್ನಡಿಯಲ್ಲಿ ಕಂಡಂತೆ. ಬನ್ನಿ. ಬೇಡ. ಔಷಧಿ. ಹಾಡಿ. ಓಡಿ. ಅಂಗಳದ ಹುಡುಗ ಹುಡುಗಿಯರಿಗೆ ನೀನೇ ಕೂರಿಸಿ ಓದಿಸಿದೆ. ಪೊಲೀಸರು ಕೇಳಿದಾಗ ಭಾರತದ ಹಬ್ಬದ ರಂಗೋಲಿ ಎಂದಳಂತೆ. ನಂಬಿದರು, ಪಾಪ.

ನೀನು ಆಸ್ಪತ್ರೆಯಲ್ಲಿದ್ದ ಆ ಭಾನುವಾರವೂ ಕಿಟಕಿಯಲ್ಲಿ ಕಾಗದ ಇತ್ತು. ಜೋಸ್ಯಾ ಮತ್ತು ಜೊತೆಗಾರರು ತಲೆ ಎತ್ತಿ ನೋಡಿದರು, ಹಾಡು ಶುರು ಮಾಡಿದರು. ಎರಡನೇ ಹಾಡು ಮುಗಿಯುವ ಮೊದಲು ವ್ಯಾನುಗಳು ಬಂದವು. ಎಲ್ಲರನ್ನೂ ತುಂಬಿಕೊಂಡು ಹೋದರು. ಒಬ್ಬ ಪೊಲೀಸ ಮೇಲಕ್ಕೆ ಹತ್ತಿಬಂದು ಕಾಗದದ ನಡುವಿಗೇ ಮುಷ್ಟಿ ತೂರಿಸಿ ಕಿತ್ತ. ಎಡಬಲದ ಅಂಚು ಮಾತ್ರ ಉಳಿದವು. ಬಲಗಡೆ ಒಂದು ಡಿ. ಎಡಗಡೆ ಒಂದು ತಿರುವುಮುರುವು ಡಿ. ಮೊದಲ ಅಕ್ಷರ ಎರಡು ಕಡೆಯೂ ಹೋಗಿತ್ತು.

ಆ ಡಿ ನಮ್ಮ ಮನೆಯಲ್ಲಿದೆ, ಗಾಜಿನ ಚೌಕಟ್ಟಿನಲ್ಲಿ. ಮಧ್ಯಾಹ್ನದ ಬಿಸಿಲಿಗೆ ಅದರ ನೆರಳು ನೆಲದ ಮೇಲೆ ಹರಿದು ಬರುತ್ತದೆ. ಚಿಕ್ಕವಳಿದ್ದಾಗ ನಾನು ಅದನ್ನು ತುಳಿಯದೆ ದಾಟುತ್ತಿದ್ದೆ, ಈಗಲೂ ದಾಟುತ್ತೇನೆ. ಯಾರೂ ಕತ್ತರಿ ಮುಟ್ಟದ ಈ ಮನೆಯಲ್ಲಿ ಆಗಾಗ ಮಂಚದ ಕೆಳಗೆ ನೀಲಿ ಕಾಗದದ ಚೂರು ಸಿಗುತ್ತವೆ. ಇಲಿ ತಂದಿರಬೇಕು ಎಂದು ಅಪ್ಪ ಗುಡಿಸಿ ಹಾಕುತ್ತಿದ್ದ. ಅಪ್ಪ ಹೋದ ಮೇಲೆ ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಈ ನಗರದಲ್ಲಿ ಇಲಿ ಇಲ್ಲದೆ ನಲವತ್ತು ವರ್ಷವಾಯಿತು.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು. ಜೋಸ್ಯಾಳಿಗೆ ಎರಡು ವರ್ಷ ಜೈಲಾಗುತ್ತದೆ. ಯಾದ್ವೀಗಾ ಹದಿನೈದು ದಿನಕ್ಕೆ ಹೊರಗೆ ಬರುತ್ತಾಳೆ. ನೀನು ಬಾಗಿಲು ತೆರೆಯುತ್ತೀಯ, ತೆರೆದವನೇ "ಏನ್ ಬರದಿದ್ದಿ?" ಎಂದು ಕೇಳುತ್ತೀಯ. ಅವಳು ಉತ್ತರ ಕೊಡುವುದಿಲ್ಲ. ಅವತ್ತಷ್ಟೇ ಅಲ್ಲ, ಸಾಯುವವರೆಗೂ. ನಿನ್ನನ್ನು ಮದುವೆಯಾಗುತ್ತಾಳೆ, ಇಬ್ಬರು ಮಕ್ಕಳನ್ನು ಹೆರುತ್ತಾಳೆ, ನಗುತ್ತಾಳೆ, ಬೈಯುತ್ತಾಳೆ, ನಿನ್ನ ಶೇಂಗಾ ಹಿಂಡಿ ಚಟ್ನಿಪುಡಿಯನ್ನು ಸೂರ್ಯಕಾಂತಿ ಬೀಜದಲ್ಲಿ ಕುಟ್ಟಲು ಕಲಿಯುತ್ತಾಳೆ. ಕತ್ತರಿ ಮಾತ್ರ ಮತ್ತೆ ಹಿಡಿಯುವುದಿಲ್ಲ. ತಾನು ಅಕ್ಷರ ಸರಿಯಾಗಿ ಕಲಿಸಲಿಲ್ಲವೇನೋ, ಅವಳು ಓಡಿ ಎಂದು ಬರೆಯಹೋಗಿ ಹಾಡಿ ಎಂದು ಬರೆದಳೇನೋ, ತನ್ನಿಂದಲೇ ಅಷ್ಟೂ ಜನ ಜೈಲಿಗೆ ಹೋದರೇನೋ ಎಂದು ನೀನು ಒಳಗೊಳಗೇ ಕೊರಗುತ್ತೀಯ. ತಪ್ಪು ಒಪ್ಪಿಕೊಳ್ಳುವ ಧೈರ್ಯ ಇದ್ದ ದಿನ ಮಗನಿಗೆ ಅಲ್ಲಿದ್ದ ಪದ ಹಾಡಿ ಎಂದು ಹೇಳುತ್ತೀಯ, ಧೈರ್ಯ ಕುಸಿದ ದಿನ ಮಗಳಿಗೆ ಓಡಿ ಎಂದು.

ಅದರಿಂದ ಏನಾಯಿತು ಗೊತ್ತೇ? ನಿನ್ನ ವಂಶ ಎರಡು ಹೋಳಾಯಿತು. ಮಗನ ಕಡೆಯವರು ಹಾಡಿಯವರು, ಮಗಳ ಕಡೆಯ ನಾವು ಓಡಿಯವರು. ಪ್ರತಿ ನವೆಂಬರಿನಲ್ಲಿ ಅದೇ ಅಂಗಳದಲ್ಲಿ ಸೇರುತ್ತೇವೆ. ಅವರು ನಿಂತು ಹಾಡುತ್ತಾರೆ, ನಾವು ಅವರ ಸುತ್ತ ಓಡುತ್ತೇವೆ. ಈ ವಯಸ್ಸಿನಲ್ಲಿ ಮಂಡಿ ಹಿಡಿದುಕೊಂಡು ಓಡುವ ನನ್ನನ್ನು ನೋಡಿ ನೆರೆಯವರು ಇದು ಭಾರತದ ವ್ರತವೇ ಎಂದು ಕೇಳುತ್ತಾರೆ. ಆಮೇಲೆ ರೈ ಹಿಟ್ಟಿನ ರೊಟ್ಟಿ ಬಡಿದು ತಿಂದು ಜಗಳಾಡುತ್ತೇವೆ. ನಮ್ಮ ಮುತ್ತಜ್ಜಿ ತಂಗಿಯನ್ನೇ ಹಿಡಿದುಕೊಟ್ಟಳು ಎಂದು ಕುಡಿದಾಗ ಯಾರಾದರೂ ಅಂದೇ ಅನ್ನುತ್ತಾರೆ. ಹರಿದ ಕಾಗದ ತುಂಬಿಕೊಡುವ ಯಂತ್ರಕ್ಕೆ ಒಮ್ಮೆ ಕೊಟ್ಟೆವು, ಅರ್ಧಕ್ಕರ್ಧ ಎಂದು ಕೈ ತೊಳೆದುಕೊಂಡಿತು. ಒಬ್ಬ ಚಿಕ್ಕಪ್ಪ ಮಾತ್ರ ಅದು 'ಕುಡಿ' ಇರಬೇಕು ಎನ್ನುತ್ತಾನೆ.

ಈಗ ನನ್ನ ಕಾಲದ ಮಾತು. ಇಲ್ಲಿ ಮತ್ತೆ ಒಂದು ಜ್ವರ ಬಂದಿದೆ. ಸುಳ್ಳು ಜ್ವರವಲ್ಲ, ಕೆಳಮನೆಯ ಮುದುಕ ಹೋದ ತಿಂಗಳು ಅದರಲ್ಲೇ ಹೋದ. ಪ್ರತಿ ಅಂಗಳದ ಬಾಯಲ್ಲಿ ಉಸಿರುಗಂಬ ನೆಟ್ಟಿದ್ದಾರೆ. ಯಾರ ಉಸಿರಿನಲ್ಲಿ ಜ್ವರ ಇದೆ ಎಂದು ಅದು ಹೇಳುತ್ತದೆ, ಯಾರು ಯಾರ ಪಕ್ಕ ನಿಂತಿದ್ದರು ಎಂದೂ ಹೇಳುತ್ತದೆ. ಐದಕ್ಕಿಂತ ಹೆಚ್ಚು ದನಿ ಒಟ್ಟಿಗೆ ಏಳಬಾರದು ಎಂಬ ಕಾನೂನು ಬಂದಿದೆ. ನಿಮ್ಮ ಕಾಲದ ಆಳುವವರು ರೋಗವೇ ಇಲ್ಲ ಎಂದರು, ನಮ್ಮವರು ರೋಗ ಬಿಟ್ಟು ಬೇರೇನೂ ಇಲ್ಲ ಎನ್ನುತ್ತಾರೆ. ಜನರನ್ನು ತುಂಬಿಕೊಂಡು ಹೋಗುವ ಗಾಡಿ ಮಾತ್ರ ಎರಡು ಕಾಲಕ್ಕೂ ಒಂದೇ, ಈಗಿನದು ಸದ್ದು ಮಾಡುವುದಿಲ್ಲ ಅಷ್ಟೇ.

ನನ್ನ ಮಗಳು ಬಾಸ್ಯಾ. ನಿಮ್ಮ ಊರಿನಲ್ಲಿ ಅದು ಗಂಡಸರನ್ನು ಕರೆಯುವ ಹೆಸರಂತೆ, ಇಲ್ಲಿ ಹೆಣ್ಣಿನದು. ಅವಳು ಬೊಂಬೆ ಆಡಿಸುವವಳು. ಬೊಂಬೆಗಳ ಬಾಯಲ್ಲಿ ಹೇಳಬಾರದ್ದನ್ನು ಹೇಳಿಸಿದ್ದಕ್ಕೆ ಅವಳ ಮನೆಯ ಬಾಗಿಲಿಗೆ ಎರಡು ಸಲ ಬಂದುಹೋಗಿದ್ದಾರೆ. ಇವತ್ತು ಮಧ್ಯಾಹ್ನ ಅವಳೂ ಜೊತೆಗಾರರೂ ನಮ್ಮ ಅಂಗಳದಲ್ಲಿ ಮಾಸ್ಕು ಹಾಕಿಕೊಂಡು, ಒಬ್ಬರಿಂದೊಬ್ಬರು ದೂರ ನಿಂತು, ಹನ್ನೆರಡು ದನಿಯಲ್ಲಿ ಹಾಡುವುದೆಂದು ನಿಶ್ಚಯ ಮಾಡಿದ್ದರು. ಬೆಳಗ್ಗೆ ನಾನು ಬ್ರೆಡ್ ತರಲು ಹೋದಾಗ ಬೇಕರಿಯ ಹಿಂದೆ ಗಾಡಿಗಳು ನಿಂತಿದ್ದವು. ಸಾಲಾಗಿ, ದೀಪ ಆರಿಸಿಕೊಂಡು. ಬಾಸ್ಯಾಳಿಗೆ ಹೇಳುವುದು ಹೇಗೆ? ನಮ್ಮ ಮಾತೆಲ್ಲ ನಿಮ್ಮ ಫೋನಿನಂಥ ಗಾಜಿನ ಮೇಲೆ ಹೋಗುತ್ತದೆ, ಗಾಜು ಯಾರ ಕಿವಿಯೋ ಯಾರಿಗೆ ಗೊತ್ತು. ಪಕ್ಕ ಹೋಗಿ ನಿಂತರೆ ಉಸಿರುಗಂಬ ಹೇಳಿಬಿಡುತ್ತದೆ. ಮನೆಗೆ ಬಂದವಳೇ ಚೌಕಟ್ಟಿನ ಮುಂದೆ ನಿಂತೆ. ಆಮೇಲೆ ಯಾದ್ವೀಗಾಳ ಕತ್ತರಿಯನ್ನು ಗೋಡೆಯ ಮೊಳೆಯಿಂದ ಇಳಿಸಿದೆ. ನೂರಿಪ್ಪತ್ತು ವರ್ಷದಿಂದ ಯಾರೂ ಇಳಿಸಿರಲಿಲ್ಲ. ಹಾಳೆ ಮಡಚಿದೆ. ಯಾವ ಪದ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಮುತ್ತಜ್ಜ, ಗಾಡಿ ಕಣ್ಣಾರೆ ಕಂಡವಳು ಕೆಳಗೆ ನಿಂತ ತನ್ನ ರಕ್ತಕ್ಕೆ ಹಾಡಿ ಎಂದು ಬರೆಯುತ್ತಾಳೆಯೇ? ಯಾದ್ವೀಗಾಳಿಗೂ ನಾಲ್ಕನೇ ಮಹಡಿಯಿಂದ ಗಾಡಿ ಕಂಡಿರಬೇಕು, ಅವಳು ಬರೆದದ್ದು ಓಡಿ. ಇಷ್ಟು ವರ್ಷ ಓಡಿಯವರ ಪಾಳಯದಲ್ಲಿ ಹಟಕ್ಕೆ ಓಡಿದ ನನಗೆ ಇವತ್ತು ಕತ್ತರಿ ಕೈಗೆ ಬಂದ ಮೇಲೆ ಅದು ಗೊತ್ತಾಯಿತು.

ಕಾಗದ ತೂಗುಹಾಕಿದೆ. ಹನ್ನೆರಡು ಜನ ಬಂದರು. ಬಾಸ್ಯಾ ತಲೆ ಎತ್ತಿದಳು. ತುಟಿ ಅಲ್ಲಾಡಿ ಮಾಸ್ಕು ಕದಲಿದ್ದು ನನಗೆ ಕಂಡಿತು, ಅಕ್ಷರ ಕೂಡಿಸಿ ಓದಿದಳು, ಚಿಕ್ಕವಳಿದ್ದಾಗ ಓದುತ್ತಿದ್ದ ಹಾಗೆ. ಪಕ್ಕದವರಿಗೆ ಏನೋ ಹೇಳಿದಳು. ಇಬ್ಬರು ಹೊರಟುಹೋದರು. ಉಳಿದವರು ಇನ್ನೊಂದು ಹೆಜ್ಜೆ ದೂರ ಸರಿದು ನಿಂತರು. ನನ್ನ ಮಗಳು ನನ್ನ ಕಡೆ ಕೈ ಬೀಸಿ ಹಾಡು ಎತ್ತಿಕೊಂಡಳು. ಓದಲು ಬರುತ್ತದೆ ಆ ಹುಡುಗಿಗೆ, ಮಾತು ಕೇಳಲು ಬರುವುದಿಲ್ಲ.

ಜೋಸ್ಯಾಳೂ ಸರಿಯಾಗಿಯೇ ಓದಿದ್ದಳು. ನೀನು ಕಲಿಸಿದ್ದರಲ್ಲಿ ತಪ್ಪಿಲ್ಲ, ಅವಳು ಕತ್ತರಿಸಿದ್ದರಲ್ಲೂ ತಪ್ಪಿಲ್ಲ. ಅವರು ಓಡಿ ಎಂದು ಓದಿ, ಗೊತ್ತಿದ್ದೂ ಹಾಡಿದರು. ಇದನ್ನು ಯಾದ್ವೀಗಾ ಬಾಯಿಬಿಟ್ಟು ಹೇಳಿದ್ದರೆ ಜೈಲಿನಲ್ಲಿದ್ದ ತಂಗಿಯನ್ನು ಎಲ್ಲರೂ ಬೈಯುತ್ತಿದ್ದರು, ಹೇಳಿದರೂ ಕೇಳಲಿಲ್ಲ, ಅನುಭವಿಸಲಿ ಎಂದು. ತಂಗಿಗೆ ಆ ಮಾತು ಬರಬಾರದೆಂದು ತನ್ನ ಮೇಲಿನ ಮಾತನ್ನು ಜೀವನವಿಡೀ ಹೊತ್ತಳು. ನಮ್ಮ ಮನೆಯಲ್ಲಿ ಆ ಚೂರುಗಳನ್ನು ಉದುರಿಸುವುದು ಅವಳೇ ಆಗಿದ್ದರೆ ನನಗೀಗ ಹೆದರಿಕೆ ಇಲ್ಲ, ದುಃಖ ಮಾತ್ರ ಇದೆ.

ಎರಡನೇ ಹಾಡು ಶುರುವಾಗಿದೆ. ಬೇಕರಿಯ ಕಡೆಯಿಂದ ಗಾಡಿಗಳು ತಿರುಗಿದವು. ನಾನು ಕೆಳಗೆ ಹೋಗಬೇಕು, ಬೇಗ ಮುಗಿಸುತ್ತೇನೆ.

ನಿನ್ನಲ್ಲಿ ನನ್ನ ಕೋರಿಕೆ ಒಂದೇ. ಹದಿನೈದು ದಿನದ ಮೇಲೆ ಅವಳು ಬಾಗಿಲು ತಟ್ಟುತ್ತಾಳೆ. ಸೊರಗಿರುತ್ತಾಳೆ, ಬೂಟಿನ ಲೇಸು ಕಿತ್ತುಕೊಂಡಿರುತ್ತಾರೆ. ಏನು ಬರೆದಿದ್ದೆ ಎಂದು ಕೇಳಬೇಡ. ನಾಲಿಗೆಯ ತುದಿಗೆ ಬಂದರೂ ನುಂಗಿಕೊ. ಏನಾದರೂ ಕೇಳಲೇಬೇಕು ಅನ್ನಿಸಿದರೆ, ಹೊಸ್ತಿಲಿಗೆ ಬಂದವರನ್ನು ನಿಮ್ಮವ್ವ ಏನು ಕೇಳುತ್ತಿದ್ದಳೋ ಅದನ್ನೇ ಕೇಳು.

"ಊಟ ಆತೇನು?"

ಬಾಸ್ಯಾ ಬಂದ ದಿನ ನಾನೂ ಅಷ್ಟೇ ಕೇಳುತ್ತೇನೆ.

ನಿನ್ನ ಮರಿಮೊಮ್ಮಗಳು,
ನೀಲಾ