ನಡುಗೋಡೆಯ ಈಚೆಗೂ ಒಂದು ತಪ್ಪು ಮಾಡಿಕೊಡಿ

ರಾಷ್ಟ್ರೀಯ ಬ್ಲಾಕ್‌ಚೈನ್ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಹೊಟ್ಟೆಕಿಚ್ಚು. ನನ್ನ ವಾರಗಿತ್ತಿಯ ಮನೆ ನಿಮ್ಮ ಬ್ಲಾಕ್‌ಚೈನ್ ಎಂಬ ದಾಖಲೆ ಸರಪಳಿಗೆ ಸೇರಿತು, ನನ್ನದು ಸೇರಲಿಲ್ಲ. ನಮ್ಮ ಮಾವ ಕಟ್ಟಿಸಿದ ಒಂದೇ ಮನೆ, ನಡುವೆ ಒಂದು ಗೋಡೆ. ನಿಮ್ಮ ಕಾರ್ಯತಂತ್ರದ 'ಮೊದಲ ಹಂತ' ಎಂಬ ಗೆರೆ ದೇಶವೆಲ್ಲ ಸುತ್ತಿ ಬಂದು ಸರಿಯಾಗಿ ಆ ಗೋಡೆಯ ಮೇಲೇ ನಿಲ್ಲಬೇಕಿತ್ತೇ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದರೆ ಇದೇ ತಾನೇ?

"ಯಾರೂ ಅಳಿಸಲಾಗದ, ಯಾರೂ ತಿದ್ದಲಾಗದ ಆಸ್ತಿ ದಾಖಲೆ" ಎಂಬುದು ತಮ್ಮ ಘೋಷಣೆ. ಅವಳು ಅದನ್ನು ಫೋನಿನಲ್ಲಿ ತೆರೆದು ತೋರಿಸಿದಳು. ಅವಳ ಹೆಸರು, ಅವಳ ಅಂಗಳ, ಪಕ್ಕದಲ್ಲೊಂದು ಹಸಿರು ಗುರುತು. ಖುಷಿಪಟ್ಟಂತೆ ನಟಿಸಿ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಆಮೇಲೆ ತಿಳಿಯಿತು, ಚಾವಣಿಯ ಮೆಟ್ಟಿಲೂ ಅವಳೊಬ್ಬಳ ಹೆಸರಿಗೇ ಬಿದ್ದಿದೆ ಅಂತ.

ಮೆಟ್ಟಿಲು ಇಬ್ಬರಿಗೂ ಸೇರಿದ್ದು, ಮಾವ ಹಾಗೆಂದೇ ಕಟ್ಟಿಸಿದ್ದು. ಅಳತೆಗೆ ಬಂದ ನಿಮ್ಮವರು ಮೊದಲ ಮೆಟ್ಟಿಲು ಯಾರ ಅಂಗಳದಲ್ಲಿದೆ ಎಂದಷ್ಟೇ ನೋಡಿದರು. ಅದು ಅವಳ ಅಂಗಳದಲ್ಲಿದೆ. ಕೊನೆಯ ಮೆಟ್ಟಿಲು ನನ್ನ ಚಾವಣಿಗೆ ಸೇರುತ್ತದೆಂದು ತಲೆಯೆತ್ತಿ ನೋಡುವ ಪುರುಸೊತ್ತು ಯಾರಿಗಿತ್ತು? ನಾನು ಹಾಸಿಗೆ ಹೊಲಿಯುವವಳು ಸ್ವಾಮಿ. ಅರಳೆಯನ್ನು ಬಿಸಿಲಿಗೆ ಹರಡದಿದ್ದರೆ ನನ್ನ ಕಸುಬೇ ಇಲ್ಲ. ಈಗ ಚಾವಣಿ ನನ್ನದು, ಹೋಗುವ ದಾರಿ ಅವಳದು.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮನಸಾರೆ ಬೈಯಬಹುದಿತ್ತು. ಅವಳೇ ನನ್ನನ್ನು ಇಲ್ಲಿಯ ನಿಮ್ಮ ಕಚೇರಿಗೆ ಎಳೆದುಕೊಂಡು ಹೋದಳು. "ಸಾರ್, ಮೆಟ್ಲು ನಂದೊಬ್ಬಳದೇ ಅಲ್ಲ, ಅಕ್ಕಂದೂ ಹೌದು. ಸರಿ ಮಾಡಿಕೊಡಿ" ಎಂದಳು.

ಗುಮಾಸ್ತರು ನಕ್ಕರು. "ಹಳೇದನ್ನ ಅಳಿಸಕ್ಕಾಗಲ್ಲಮ್ಮ. ತಿದ್ದುಪಡಿ ಅಂತ ಹೊಸದಾಗಿ ಸೇರಿಸಬಹುದು. ಅದಕ್ಕೆ ಇಬ್ರೂ ಸರಪಳಿಯಲ್ಲಿರಬೇಕು. ಇವರು ಇಲ್ವಲ್ಲ."

"ಇಲ್ಲೇ ನಿಂತಿದೀನಲ್ಲ ಸಾರ್!" ಎಂದೆ.

"ಇಲ್ಲಿದೀರಿ, ಅದರಲ್ಲಿಲ್ಲ."

ಎರಡನೇ ಹಂತ ಯಾವಾಗ ಎಂದರೆ, ಮೇಲಿನವರನ್ನು ಕೇಳಿ ಎಂದರು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ. ಕಳ್ಳರು ಬರದಿರಲೆಂದು ಬೀಗ ಹಾಕಿದಿರಿ, ಒಪ್ಪಿದೆ. ಮನೆಯವರನ್ನು ಹೊರಗೆ ನಿಲ್ಲಿಸಿ ಬೀಗ ಹಾಕುವುದು ಯಾವ ಸೀಮೆಯ ಭದ್ರತೆ?

ಈಗ ದಿನವೂ ಅರಳೆಯ ಮೂಟೆ ಹೊತ್ತು ಅವಳ ಅಂಗಳದಲ್ಲಿ ನಿಲ್ಲುತ್ತೇನೆ. "ಹೋಗಕ್ಕ, ನಾನೇನು ಬೇಡ ಅಂದ್ನಾ?" ಎನ್ನುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ಆ ಒಳ್ಳೆಯತನಕ್ಕೇ ನನ್ನ ಹೊಟ್ಟೆ ಉರಿಯುವುದು. ಮದುವೆಯಾಗಿ ಬಂದಾಗಿನಿಂದ ಯಾರನ್ನೂ ಕೇಳದೆ ಹತ್ತಿಳಿದ ಮೆಟ್ಟಿಲದು. ನಾಳೆ ಅವಳು ಮನೆ ಮಾರಿದರೆ, ಕೊಂಡವರು ನನ್ನನ್ನು ಅಕ್ಕ ಎನ್ನುತ್ತಾರೆಯೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಎರಡನೇ ಹಂತವನ್ನು ನಮ್ಮ ನಡುಗೋಡೆಯ ಈಚೆಯಿಂದಲೇ ಶುರುಮಾಡಿ. ಅಳತೆಗೆ ದಯವಿಟ್ಟು ಅದೇ ಜನರನ್ನು ಕಳಿಸಿ. ಇಬ್ಬರೂ ನೀರು ಹಿಡಿಯುವ ನಲ್ಲಿ ನನ್ನ ಅಂಗಳದಲ್ಲಿದೆ. ಅವರು ಎಂದಿನಂತೆ ತಲೆಯೆತ್ತದೆ ಅದನ್ನು ನನ್ನೊಬ್ಬಳ ಹೆಸರಿಗೇ ಬರೆದುಬಿಡಲಿ. ಅವಳು ಕೊಡ ಹಿಡಿದು ನನ್ನ ಬಾಗಿಲಲ್ಲಿ ಒಂದೇ ಒಂದು ಸಲ ನಿಲ್ಲಲಿ. "ಹಿಡ್ಕೋ ಹೋಗೇ, ನಾನೇನು ಬೇಡ ಅಂದ್ನಾ?" ಎಂದು ನಾನೂ ಹೇಳಬೇಕು.

ಅಷ್ಟಾದ ಮೇಲೆ ಇಬ್ಬರೂ ಬಂದು ಎರಡನ್ನೂ ಸರಿಮಾಡಿಸಿಕೊಳ್ಳುತ್ತೇವೆ.

ಇಂತಿ,
ತಮ್ಮ ಸರಪಳಿಯ ಹೊರಗೆ, ಮೂಟೆ ಹೊತ್ತು ನಿಂತಿರುವ
ಹಿರಿಸೊಸೆ